ಧರ್ಮದ ದಟ್ಟಿಗೆ ಅಂಗಳದಲ್ಲೇ ಮೊಳ ಹಾಕಿ

ಪ್ರಶ್ನೆ: ಮುಂಬಯಿಯ ಮುಲುಂಡ್‌ನಲ್ಲಿ ನಮ್ಮದೊಂದು ಕನ್ನಡ ಸಂಘ. ಸದಸ್ಯರು 140, ವರ್ಷದ ಚಂದಾ 600 ರೂಪಾಯಿ. ಹಿತೈಷಿಗಳ ಸಣ್ಣಪುಟ್ಟ ದೇಣಿಗೆಯೂ ಸೇರಿದರೆ ವರ್ಷಕ್ಕೆ ಸುಮಾರು 5 ಲಕ್ಷ ಬರುತ್ತದೆ. ಅದರಲ್ಲಿ 60 ಮಕ್ಕಳಿಗೆ ತಲಾ 5,000 ರೂ. ವಿದ್ಯಾರ್ಥಿವೇತನ ಕೊಡುತ್ತೇವೆ. ಎರಡು ವರ್ಷದಿಂದ ಮುನಿಸಿಪಾಲಿಟಿಯ ಕನ್ನಡ ಮಾಧ್ಯಮ ಶಾಲೆಗಳಿಗೆ ಶಿಕ್ಷಕರನ್ನು ಕೊಡಿ ಎಂದು ಅರ್ಜಿಗಳನ್ನೂ ಹಾಕುತ್ತಿದ್ದೇವೆ. ಈಗ ನಮ್ಮವರೇ ಆದ ಹೋಟೆಲ್ ಉದ್ಯಮಿಯೊಬ್ಬರು 20 ಲಕ್ಷ ಕೊಡಲು ಮುಂದೆ ಬಂದಿದ್ದಾರೆ. ಅರ್ಧ ಚೆಕ್, ಅರ್ಧ ನಗದು. ನಿಧಿಗೆ ಅವರ ತಾಯಿಯ ಹೆಸರು ಇಡಬೇಕು, ಸಮಿತಿಯಲ್ಲಿ ಅವರ ಕಡೆಯ ಇಬ್ಬರು ಇರಬೇಕು. ಮುಂದಿನ ಚುನಾವಣೆಗೆ ಅವರು ನಿಲ್ಲುವ ಮಾತೂ ಕೇಳಿಬರುತ್ತಿದೆ. ಕೆಲವರು ‘ಬಂದ ಲಕ್ಷ್ಮಿಯನ್ನು ಬಿಡಬೇಡಿ’ ಎನ್ನುತ್ತಾರೆ. ಇನ್ನು ಕೆಲವರು ‘ನಾವು ಧರ್ಮಕಾರ್ಯ ಮಾಡುವವರು, ಅರ್ಜಿ ಗಿರ್ಜಿ ಎಂಬ ರಾಜಕೀಯ ನಿಲ್ಲಿಸಿ’ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಹಣ ತೆಗೆದುಕೊಳ್ಳಿ. ಆದರೆ ಇಪ್ಪತ್ತನ್ನೂ ಒಂದೇ ಗಂಟಾಗಿ ಬೇಡ, ನಗದಾಗಿ ಒಂದು ರೂಪಾಯಿಯೂ ಬೇಡ, ಸಮಿತಿಯ ಎರಡು ಕುರ್ಚಿಯಂತೂ ಬೇಡವೇ ಬೇಡ. ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ನಿಮ್ಮ ಸಂಘ ಮಾಡುತ್ತಿರುವ ಕೆಲಸಗಳಲ್ಲಿ ತೂಕದ್ದು ಅದೇ.

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ನಮ್ಮಲ್ಲಿ ಗಾದೆಯಿದೆ. ಪುಕ್ಕಟೆ ಬಂದ ದಟ್ಟಿಯನ್ನು, ಎಂದರೆ ಬಟ್ಟೆಯನ್ನು, ಅಳೆದು ನೋಡುವ ಸಣ್ಣತನಕ್ಕೆ ಹೇಳಿದ ಮಾತು. ಮನೆಮಟ್ಟಿಗೆ ಗಾದೆ ಸರಿ. ಸಾರ್ವಜನಿಕ ಸಂಸ್ಥೆಯಾದರೆ ಅಳೆಯಲೇಬೇಕು, ಅದೂ ಹಿತ್ತಲಲ್ಲಿ ಕದ್ದು ಬೇಡ, ಅಂಗಳದಲ್ಲಿ ಎಲ್ಲರೆದುರು ಅಳೆಯಬೇಕು. ಕಾರಣ ಸರಳ: ಆ ದಟ್ಟಿಯಲ್ಲಿ ಒಂದಷ್ಟು ನೂಲು ಸರ್ಕಾರದ್ದು. ಲೆಕ್ಕ ನೋಡಿ. ದಾನಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಶೇ. 30ರ ಸಾಲಿನಲ್ಲಿದ್ದಾರೆ, ನಿಮಗೆ 80ಜಿ (ದಾನಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ಹಣ ಚೆಕ್ಕಿನಲ್ಲೇ ಬಂದರೆ 20 ಲಕ್ಷದಲ್ಲಿ ಅರ್ಧ, ಎಂದರೆ 10 ಲಕ್ಷ, ಅವರ ಆದಾಯದಿಂದ ಕಳೆಯುತ್ತದೆ. ಸರ್‌ಚಾರ್ಜ್ ಬಿಟ್ಟು, ಸೆಸ್ ಸೇರಿಸಿದರೆ 3.12 ಲಕ್ಷ ತೆರಿಗೆ ಉಳಿಯುತ್ತದೆ. ಇಷ್ಟು ಹಣ ಖಜಾನೆಗೆ ಹೋಗಬೇಕಾದದ್ದು, ಅವರ ಹೆಸರಿನಲ್ಲಿ ನಿಮ್ಮಲ್ಲಿಗೆ ಬರುತ್ತದೆ. (ದೇಣಿಗೆ ಅವರ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 10ರ ಒಳಗಿರಬೇಕು, ಎಂದರೆ ಪೂರ್ತಿ ಲಾಭ ಸಿಗಲು ಕನಿಷ್ಠ 2 ಕೋಟಿ ಆದಾಯ ಇರಬೇಕು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡಿದ್ದರೆ ಏನೂ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ.) ಖಾಸಗಿ ದಾನ ಪೂರ್ತಿ ಖಾಸಗಿಯಾಗಿರುವುದು ಅಪರೂಪ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೊಂದು ಶೇ. 10ನ್ನು ಬಡವರಿಗೆ ರಿಯಾಯಿತಿಯಲ್ಲಿ ಇಡಬೇಕು, ಬಿಲ್ಲಿನ ಶೇ. 2ನ್ನು ಬಡರೋಗಿಗಳ ನಿಧಿಗೆ ತೆಗೆದಿಡಬೇಕು ಎಂಬ ನಿಯಮದ ಹಿಂದಿರುವುದೂ ಇದೇ ತರ್ಕ: ತೆರಿಗೆಯಲ್ಲಿ, ಜಾಗದಲ್ಲಿ ವಿನಾಯಿತಿ ಪಡೆದವರು ಜನಕ್ಕೆ ಲೆಕ್ಕ ಕೊಡಬೇಕು.

ಮುಂದೆ ಹೋಗುವ ಮುನ್ನ ಒಂದು ಸೂಚನೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಕಾಲ. ಕಲಂ, ಫಾರ್ಮ್‌ಗಳ ಸಂಖ್ಯೆ ಬದಲಾಗಿದೆ. ಎಲ್ಲರ ಬಾಯಲ್ಲಿರುವುದು ಹಳೆಯ ಸಂಖ್ಯೆಗಳಾದ್ದರಿಂದ ಇಲ್ಲಿ ಅವನ್ನೇ ಬಳಸಿದೆ. ಫಾರ್ಮ್ ತುಂಬುವಾಗ ಹೊಸ ಸಂಖ್ಯೆಯನ್ನು ನಿಮ್ಮ ಸಿಎ ಹತ್ತಿರ ಕೇಳಿಕೊಳ್ಳಿ.

ಮೊದಲು ನಗದಿನ ವಿಷಯ. ಒಂದೇ ದಿನ, ಒಂದೇ ವಹಿವಾಟಿನಲ್ಲಿ, ಅಥವಾ ಒಂದೇ ಸಂದರ್ಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು 269ಎಸ್‌ಟಿ ಕಲಂ ನಿಷೇಧಿಸುತ್ತದೆ. ದಂಡ ಎಷ್ಟು ಗೊತ್ತೇ? ಪಡೆದಷ್ಟೇ ಮೊತ್ತ. ಕಟ್ಟಬೇಕಾದವರು ಪಡೆದವರು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬುದು ಇಲ್ಲಿ ತಿರುಗುಮುರುಗು. ಹತ್ತು ಲಕ್ಷ ನಗದು ಪಡೆದ ಸಂಘ ಇನ್ನೊಂದು ಹತ್ತು ಲಕ್ಷ ದಂಡ ಕಟ್ಟಬೇಕಾದೀತು. ಹಾಗಾದರೆ ನೂರು ಜನರ ಹೆಸರಿನಲ್ಲಿ ಹತ್ತತ್ತು ಸಾವಿರದ ರಸೀದಿ ಹರಿದರೆ ಎಂದು ಯಾರಾದರೂ ಜಾಣತನ ಹೇಳಿಯೇ ಹೇಳುತ್ತಾರೆ. ಅದು ಸುಳ್ಳು ರಸೀದಿ. ಸಂಘದ ನೋಂದಣಿಯನ್ನೇ ತಿನ್ನುವ ಹುಳು. 80ಜಿ ಲಾಭಕ್ಕೆ ನಗದು ಮಿತಿ ಬರೀ 2,000 ರೂ. ಎಂಬುದು ಬೇರೆ.

ಇನ್ನು ಚೆಕ್ಕಿನಲ್ಲಿ ಬರುವ ಹಣ. ಇಲ್ಲಿ ಹೆಚ್ಚಿನ ಸಂಘಗಳು ಎಡವುವುದು ಒಂದು ಪತ್ರದ ಕೊರತೆಯಿಂದ. ದೇಣಿಗೆಯನ್ನು ಸಾಮಾನ್ಯ ದೇಣಿಗೆ ಎಂದು ಬರೆದುಕೊಂಡರೆ ಅದು ಆ ವರ್ಷದ ಆದಾಯ. ಸಂಘದ ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದಲ್ಲಿ ಶೇ. 85ನ್ನು ಮಾರ್ಚ್ 31ರೊಳಗೆ ಉದ್ದೇಶಕ್ಕೆ ಖರ್ಚು ಮಾಡಬೇಕು. ನಿಮ್ಮ 5 ಲಕ್ಷ, ಅವರ 20 ಲಕ್ಷ, ಒಟ್ಟು 25, ಅದರ ಶೇ. 85 ಎಂದರೆ 21.25 ಲಕ್ಷ. ಐದು ಲಕ್ಷದ ಸಂಘ ಒಂದು ವರ್ಷದಲ್ಲಿ ಅಷ್ಟು ಖರ್ಚು ಮಾಡುವುದು ಹೇಗೆ? ದಾನಿಗಳು ಹಣ ಹಾಕುವುದು ಬಹುತೇಕ ಮಾರ್ಚ್ ಕೊನೆಯ ವಾರದಲ್ಲಿ. ಮುಂದಕ್ಕೆ ಉಳಿಸಿಕೊಳ್ಳಲು ಐದು ವರ್ಷದ ತನಕ ಅವಕಾಶವೇನೋ ಇದೆ, ಆದರೆ ಉದ್ದೇಶ ನಮೂದಿಸಿ ಫಾರ್ಮ್ 10ನ್ನು ಗಡುವಿನೊಳಗೆ ಸಲ್ಲಿಸಬೇಕು. ಆ ಗಡುವು ತಪ್ಪಿಸಿಕೊಂಡವರೇ ಜಾಸ್ತಿ.

ದಾರಿ ಇರುವುದು ಮೂಲನಿಧಿಯಲ್ಲಿ, ಎಂದರೆ ಅಸಲನ್ನು ಖರ್ಚು ಮಾಡದೆ ಕಾಯಂ ಇಡುವ ನಿಧಿಯಲ್ಲಿ. ‘ಈ ಹಣ ಮೂಲನಿಧಿಗೆ’ ಎಂಬ ದಾನಿಯ ಲಿಖಿತ ನಿರ್ದೇಶನ ಇದ್ದರೆ ಅದು ಆ ಶೇ. 85ರ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಹಣದ ಜೊತೆಗೇ ಅಥವಾ ಮೊದಲೇ ಬರಬೇಕು. ಆಡಿಟ್ ವೇಳೆಗೆ ಹಿಂದಿನ ತಾರೀಕು ಹಾಕಿ ಬರೆಸಿಕೊಂಡ ಪತ್ರ ನಿಲ್ಲುವುದಿಲ್ಲ. ಹಣವನ್ನು ಕಾನೂನು ಒಪ್ಪಿದ ಕಡೆ, ಉದಾಹರಣೆಗೆ ಷೆಡ್ಯೂಲ್ಡ್ ಬ್ಯಾಂಕಿನ ಠೇವಣಿಯಲ್ಲಿ, ಮೂಲನಿಧಿಯೆಂದೇ ಪ್ರತ್ಯೇಕವಾಗಿ ಇಡಬೇಕು. ಹೆಚ್ಚು ಬಡ್ಡಿ ಸಿಗುತ್ತದೆಂದು ಪರಿಚಯದವರ ಫರ್ಮಿಗೆ ಕೊಟ್ಟರೆ ವಿನಾಯಿತಿ ಕೈಬಿಡುತ್ತದೆ. ಪತ್ರ ಹೀಗಿರಲಿ:

‘ನಾನು ನನ್ನ ಸ್ವಂತ ಆದಾಯದಿಂದ ರೂ. 15,00,000ವನ್ನು (ಚೆಕ್ ಸಂಖ್ಯೆ, ತಾರೀಕು, ಬ್ಯಾಂಕ್) ಸಂಘದ ಮೂಲನಿಧಿಗೆ ನೀಡುತ್ತಿದ್ದೇನೆ. ಇದರ ಬಡ್ಡಿಯನ್ನು ಮಾತ್ರ ವಿದ್ಯಾರ್ಥಿವೇತನಕ್ಕೆ ಬಳಸತಕ್ಕದ್ದು. ವಿದ್ಯಾರ್ಥಿಗಳ ಆಯ್ಕೆ ಸಂಘದ ನಿಯಮದಂತೆ ನಡೆಯತಕ್ಕದ್ದು. ಈ ದೇಣಿಗೆಯ ಕಾರಣದಿಂದ ಸಂಘದ ಸಮಿತಿಯಲ್ಲಿ ಸ್ಥಾನವಾಗಲಿ, ಸಂಘದ ಅರ್ಜಿ, ಠರಾವು, ಹೇಳಿಕೆಗಳ ಮೇಲೆ ಯಾವುದೇ ಹಕ್ಕಾಗಲಿ ನನಗೆ ಅಥವಾ ನನ್ನ ಕುಟುಂಬದವರಿಗೆ ಇರುವುದಿಲ್ಲ. ಈ ಪತ್ರವನ್ನು ಸರ್ವಸಾಧಾರಣ ಸಭೆಯಲ್ಲಿ ಓದಲು ನನ್ನ ಒಪ್ಪಿಗೆ ಇದೆ.’

ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ನಿಜವಾಗಿ ದಾನ ಕೊಡಬಂದವರು ಅದಕ್ಕೆ ತಕ್ಷಣ ಸಹಿ ಹಾಕುತ್ತಾರೆ. ಖರೀದಿಗೆ ಬಂದವರು ‘ಇಷ್ಟೆಲ್ಲ ಯಾಕೆ ಮಾರಾಯ್ರೇ, ನಮ್ಮನಮ್ಮೊಳಗೆ’ ಎನ್ನುತ್ತಾರೆ.

ಇಪ್ಪತ್ತು ಎನ್ನುವಲ್ಲಿ ಹದಿನೈದು ಯಾಕೆ ಬರೆದೆ? ಇದು ಕಾನೂನಲ್ಲ, ನನ್ನ ಅಳತೆ: ವರ್ಷವರ್ಷವೂ ನಡೆಯುವ ಖರ್ಚಿನಲ್ಲಿ ಒಬ್ಬ ದಾನಿಯ ಹಣ ಕಾಲುಭಾಗ ಮೀರಬಾರದು. ಶೇ. 7 ಬಡ್ಡಿ ಹಿಡಿದರೆ 20 ಲಕ್ಷಕ್ಕೆ ವರ್ಷಕ್ಕೆ 1.4 ಲಕ್ಷ, ಅಂದರೆ 28 ಮಕ್ಕಳ ವೇತನ, 5 ಲಕ್ಷದ ಖರ್ಚಿನಲ್ಲಿ ಶೇ. 28. ಅರುವತ್ತರಲ್ಲಿ ಇಪ್ಪತ್ತೆಂಟು ಮಕ್ಕಳು ಒಬ್ಬರ ಹೆಸರಿನವರಾದರೆ ಮುಂದಿನ ಸಭೆಯಲ್ಲಿ ಅವರ ಮಾತಿಗೆ ಎದುರಾಡುವ ಸದಸ್ಯನ ಗಂಟಲು ತಾನಾಗಿ ಒಣಗುತ್ತದೆ. ದಾನಿ ಬಾಯಿ ತೆರೆಯಬೇಕೆಂದೂ ಇಲ್ಲ. 15 ಲಕ್ಷವಾದರೆ 1.05 ಲಕ್ಷ, ಶೇ. 21. ಉಳಿದ 5 ಲಕ್ಷವನ್ನು ಅದೇ ವರ್ಷ ಮುಗಿಯುವ ಕೆಲಸಕ್ಕೆ ಸಾಮಾನ್ಯ ದೇಣಿಗೆಯಾಗಿ ತೆಗೆದುಕೊಳ್ಳಿ: ಗ್ರಂಥಾಲಯದ ಕಪಾಟು, ಪುಸ್ತಕ, ಕಂಪ್ಯೂಟರ್. ಆಗ ವರ್ಷದ ಆದಾಯ 10 ಲಕ್ಷ, ಖರ್ಚಾಗಬೇಕಾದ್ದು 8.5 ಲಕ್ಷ. ಸಾಧ್ಯವಿರುವ ಲೆಕ್ಕ.

ಹಣ ಬಂದ ಮೇಲೆ ಫಾರ್ಮ್ 10ಬಿಡಿಯಲ್ಲಿ ದಾನಿಗಳ ಹೆಸರು, ಪ್ಯಾನ್, ಮೊತ್ತ ಸೇರಿಸಿ ಮೇ 31ರೊಳಗೆ ಸಲ್ಲಿಸಬೇಕು. ಆಮೇಲೆ ದಾನಿಗೆ 10ಬಿಇ ಪ್ರಮಾಣಪತ್ರ. ತಡವಾದರೆ ದಿನಕ್ಕೆ 200 ರೂ. ಶುಲ್ಕ, ಪ್ರಮಾಣಪತ್ರವಿಲ್ಲದೆ ದಾನಿಗೆ ವಿನಾಯಿತಿಯಿಲ್ಲ. ನಿಮ್ಮ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ), 80ಜಿ ಆದೇಶಗಳ ಅವಧಿಯನ್ನೂ ಒಮ್ಮೆ ತೆಗೆದು ನೋಡಿ. 2021ರ ಬದಲಾವಣೆಯ ಹೊತ್ತಿಗೆ ಮರುನೋಂದಣಿಯಾದ ಹಳೆಯ ಸಂಸ್ಥೆಗಳ ಐದು ವರ್ಷದ ಅವಧಿ 2026ರ ಮಾರ್ಚ್ 31ರ ತನಕದ್ದು. ನವೀಕರಣದ ಅರ್ಜಿ ಆರು ತಿಂಗಳು ಮೊದಲೇ ಹೋಗಬೇಕಿತ್ತು. ‘ನಮ್ಮದು ಪರ್ಮನೆಂಟ್ ಸರ್ಟಿಫಿಕೇಟ್’ ಎಂದು ಗೋಡೆಗೆ ಫ್ರೇಮ್ ಹಾಕಿ ಕೂತವರು ಈ ಮಾತನ್ನು ಎರಡು ಸಲ ಓದಲಿ.

ಈಗ ಕುರ್ಚಿಗಳು. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಾಯಿಸಿದ ಸಂಘ 1950ರ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯಡಿಯೂ ಬರುತ್ತದೆ. ಸಮಿತಿಯವರೇ ಟ್ರಸ್ಟಿಗಳು. ಸಮಿತಿ ಬದಲಾದರೆ 90 ದಿನಗಳೊಳಗೆ 22ನೇ ಕಲಮಿನಡಿ ಚೇಂಜ್ ರಿಪೋರ್ಟ್ ಕೊಡಬೇಕು. ಮುಂಬಯಿಯವರಿಗೆ ಅದು ವರ್ಲಿಯ ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿ. ದಾನಿಯ ಇಬ್ಬರಿಗೆ ಕಾಯಂ ಜಾಗ ಕೊಡಬೇಕಾದರೆ ನಿಯಮಾವಳಿಯನ್ನೇ ತಿದ್ದಬೇಕು. ಒಮ್ಮೆ ತಿದ್ದಿದ್ದನ್ನು ತೆಗೆಯುವುದು ಸುಲಭವಲ್ಲ. ಹಣ ಖರ್ಚಾಗಿ ಹೋದ ಮೇಲೂ ಕುರ್ಚಿ ಇರುತ್ತದೆ. ಅವರಿಗೆ ಒಪ್ಪಿಸಬಹುದಾದ ಉತ್ತರ ಒಂದೇ: 600 ರೂಪಾಯಿ ಕಟ್ಟಿ ಸದಸ್ಯರಾಗಿ, ಸಂಘದ ಚುನಾವಣೆಗೆ ನಿಲ್ಲಿ, ಗೆದ್ದರೆ ಬನ್ನಿ.

ಅದಕ್ಕೂ ಮೊದಲು ನಿಮ್ಮದೇ ಮನೆಯ ಕಸ ನೋಡಿಕೊಳ್ಳಿ. ವರ್ಲಿಯಿಂದ ನಿಮ್ಮ ಸಂಘದ ಪಿಟಿಆರ್ ಉತಾರೆ (ಸಾರ್ವಜನಿಕ ಟ್ರಸ್ಟ್‌ಗಳ ನೋಂದಣಿ ಪುಸ್ತಕದ ನಕಲು) ತೆಗೆಸಿ, ಅದರಲ್ಲಿ ಟ್ರಸ್ಟಿಗಳೆಂದು ಯಾರ ಹೆಸರಿದೆ ಓದಿ. ಹಳೆಯ ಸಂಘಗಳಲ್ಲಿ ಬಹಳ ಸಲ ಅಲ್ಲಿರುವುದು ಊರಿಗೆ ಹೋದವರ, ಇಲ್ಲವೇ ತೀರಿಕೊಂಡವರ ಹೆಸರು. ಮೂರು ಚುನಾವಣೆ ನಡೆದಿರುತ್ತದೆ, ಚೇಂಜ್ ರಿಪೋರ್ಟ್ ಒಂದೂ ಹೋಗಿರುವುದಿಲ್ಲ. ಜಗಳವಿಲ್ಲದ ತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ಹಣ ಬಂದ ದಿನ ಸೋತ ಬಣ ಇದನ್ನೇ ಹಿಡಿದುಕೊಂಡು ‘ಈ ಸಮಿತಿಯೇ ಅಧಿಕೃತವಲ್ಲ’ ಎಂದು ತಕರಾರು ಹಾಕುತ್ತದೆ, ಬ್ಯಾಂಕು ಸಹಿ ನಿಲ್ಲಿಸುತ್ತದೆ. ಇಪ್ಪತ್ತು ಲಕ್ಷ ಠೇವಣಿಯಲ್ಲಿದ್ದು ಮಕ್ಕಳಿಗೆ ವೇತನ ಕೊಡಲಾಗದ ಸ್ಥಿತಿ ಬರುವುದು ಹೀಗೆ. ಸಾಲ ತೆಗೆಯುವುದಕ್ಕೂ ಸ್ಥಿರಾಸ್ತಿ ಮಾರುವುದಕ್ಕೂ ಆಯುಕ್ತರ ಪೂರ್ವಾನುಮತಿ ಬೇಕೆಂಬುದನ್ನೂ ನೆನಪಿಡಿ.

ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ನಿಧಿಗೆ ತಾಯಿಯ ಹೆಸರಿಡಿ, ಒಳ್ಳೆಯ ಸಂಪ್ರದಾಯವೇ. ಆದರೆ ವಿದ್ಯಾರ್ಥಿವೇತನದ ಬ್ಯಾನರಿನಲ್ಲಿ ಮಗನ ಭಾವಚಿತ್ರ ಬೇಡ. ಇನ್ನೊಂದು ಸಣ್ಣ ಉರುಳು: ವರ್ಷಕ್ಕೆ 1 ಲಕ್ಷ ಅಥವಾ ಒಟ್ಟು 10 ಲಕ್ಷ ಮೀರಿ ಕೊಟ್ಟವರು ತೆರಿಗೆ ಕಾಯ್ದೆಯ ಕಣ್ಣಿಗೆ ‘ಗಣನೀಯ ದಾನಿ’, ಸಂಘದಿಂದ ಅವರಿಗೆ ಅನುಚಿತ ಲಾಭ ಹೋಗಕೂಡದು. ವಾರ್ಷಿಕೋತ್ಸವದ ಊಟ ಅವರದೇ ಹೋಟೆಲಿನಿಂದ ಬಂದರೆ? ತರಬಹುದು, ಮೂರು ಕೊಟೇಶನ್ ತರಿಸಿ, ಅವರ ದರ ಪೇಟೆಯ ದರಕ್ಕಿಂತ ಹೆಚ್ಚಿಲ್ಲವೆಂದು ನಡಾವಳಿಯಲ್ಲಿ ಬರೆದ ಮೇಲೆ. 250 ರೂಪಾಯಿಯ ಊಟಕ್ಕೆ 400ರ ಬಿಲ್ಲು ಬಂದರೆ ಕೊಟ್ಟ ದಾನ ಹಿಂಬಾಗಿಲಿಂದ ಅವರ ಮನೆಗೇ ಹೋದಂತೆ.

‘ಹಾಗಾದರೆ ಕಂಪನಿಯಿಂದ ಸಿಎಸ್‌ಆರ್ ಆಗಿ ಕೊಡುತ್ತೇನೆ’ ಎಂದರೆ ಆಟವೇ ಬೇರೆ. ಸಿಎಸ್‌ಆರ್ ಎಂದರೆ ಕಂಪನಿಗಳು ಸಾಮಾಜಿಕ ಹೊಣೆಯಾಗಿ ಮಾಡಲೇಬೇಕಾದ ವೆಚ್ಚ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ವೆಚ್ಚ ಮಾಡಬೇಕು. ನಿಮ್ಮ ಹತ್ತಿರ 12ಎ, 80ಜಿ, ಸಿಎಸ್‌ಆರ್-1 ನೋಂದಣಿ ಮತ್ತು ಅಂಥದೇ ಕೆಲಸದ ಮೂರು ವರ್ಷದ ದಾಖಲೆ ಇರಬೇಕು. ಈ ಹಣವನ್ನು ಮೂಲನಿಧಿಗೆ ಹಾಕುವಂತಿಲ್ಲ, ರಾಜಕೀಯ ಪಕ್ಷಕ್ಕೆ ಹೋಗುವಂತಿಲ್ಲ. ಯೋಜನೆ, ಅವಧಿ, ಖರ್ಚಿನ ವರದಿ ಎಲ್ಲ ಬೇಕು. ನಿಮ್ಮ ಗಾತ್ರದ ಸಂಘಕ್ಕೆ ಕಾಗದಪತ್ರದ ಹೊರೆಯೇ ಹೆಚ್ಚಾದೀತು.

ಹೊರದೇಶದ ನೆಂಟರ ಹಣದಲ್ಲೂ ಎಚ್ಚರ ಬೇಕು. ಗಲ್ಫ್‌ನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದ ಅಣ್ಣನ ಮಗ ಕೊಟ್ಟ ಐದು ಸಾವಿರವೂ ವಿದೇಶಿ ದೇಣಿಗೆಯೇ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ಇವಿಲ್ಲದೆ ಜೀಪೇಯಲ್ಲಿ ಬಂದದ್ದನ್ನು ಒಪ್ಪಿಕೊಳ್ಳಬೇಡಿ.

ಇನ್ನು ‘ರಾಜಕೀಯ’. ಧರ್ಮಾರ್ಥ ಸಂಸ್ಥೆ ಪಕ್ಷಕ್ಕೆ ಹಣ ಕೊಡಬಾರದು, ಅಭ್ಯರ್ಥಿಯ ಪರ ಮತ ಕೇಳಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಗೆ ಶಿಕ್ಷಕರು ಬೇಕೆಂದು ಕೇಳುವುದು ಪಕ್ಷ ರಾಜಕೀಯ ಅಲ್ಲ. ವಿದೇಶಿ ದೇಣಿಗೆಯ ನಿಯಮಗಳ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಇಂಡಿಯನ್ ಸೋಷಿಯಲ್ ಆ್ಯಕ್ಷನ್ ಫೋರಂ ಪ್ರಕರಣದಲ್ಲಿ ಇದೇ ಗೆರೆ ಎಳೆಯಿತು: ಪಕ್ಷ ರಾಜಕೀಯದ ನಂಟಿಲ್ಲದೆ ಸಾರ್ವಜನಿಕ ಬೇಡಿಕೆಗೆ ಬೆಂಬಲ ಕೊಟ್ಟ ಮಾತ್ರಕ್ಕೆ ಒಂದು ಸಂಸ್ಥೆ ರಾಜಕೀಯ ಸಂಸ್ಥೆ ಆಗುವುದಿಲ್ಲ. ಮುಂಬಯಿಯಲ್ಲಿ 2022ರ ಮಾರ್ಚ್‌ನಿಂದ 2026ರ ಜನವರಿಯ ಚುನಾವಣೆ ತನಕ ನಗರಸೇವಕರೇ (ಕಾರ್ಪೊರೇಟರುಗಳೇ) ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲಿತ್ತು ಪಾಲಿಕೆ. ಆ ಹೊತ್ತಿನಲ್ಲಿ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದ್ದು ನಿಮ್ಮಂಥ ಸಂಘಗಳೇ. ಈಗ 227 ನಗರಸೇವಕರು ಇದ್ದಾರೆ. ಅವರನ್ನು ದಾಟಿ ಹೋಗದೆ ಅವರ ಮೂಲಕವೇ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಕೇಳುವುದಕ್ಕೂ ಕ್ರಮವಿದೆ. ಮೊದಲು ಸಮಿತಿಯಲ್ಲಿ ಠರಾವು, ಅದರ ಸಂಖ್ಯೆ, ಆಮೇಲೆ ಅರ್ಜಿ. ಅಧ್ಯಕ್ಷರು ತಮ್ಮಷ್ಟಕ್ಕೆ ಲೆಟರ್‌ಹೆಡ್ಡಿನಲ್ಲಿ ಬರೆದ ಅರ್ಜಿಯನ್ನು ಮುಂದೊಂದು ದಿನ ಸಂಘದವರೇ ‘ನಮ್ಮದಲ್ಲ’ ಎಂದಾರು. ಮಾಹಿತಿ ಹಕ್ಕಿನ ಅರ್ಜಿಯನ್ನು ಸಂಘದ ಹೆಸರಿನಲ್ಲಿ ಹಾಕಬೇಡಿ. ಆ ಹಕ್ಕು ನಾಗರಿಕರದ್ದು, ಒಬ್ಬ ಸದಸ್ಯರ ಹೆಸರಿನಲ್ಲಿ ಹಾಕಿ. ಮಹಾರಾಷ್ಟ್ರದ ನಿಯಮದಂತೆ 150 ಪದ, ಒಂದೇ ವಿಷಯ, 10 ರೂಪಾಯಿ ಶುಲ್ಕ. ಪಾಲಿಕೆಯ ಶಿಕ್ಷಣ ಇಲಾಖೆಗೆ ಹೀಗೆ ಕೇಳಿ: ‘ಕನ್ನಡ ಮಾಧ್ಯಮದ ಇಂಥ ಶಾಲೆಯಲ್ಲಿ ಇಂದಿಗೆ ತರಗತಿವಾರು ದಾಖಲಾದ ಮಕ್ಕಳೆಷ್ಟು, ಮಂಜೂರಾದ ಶಿಕ್ಷಕ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಇರುವ ಪ್ರತಿ ಹುದ್ದೆ ಯಾವ ತಾರೀಕಿನಿಂದ ಖಾಲಿ?’ ‘ಶಿಕ್ಷಕರನ್ನು ಯಾಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ. ಯಾಕೆ ಎಂಬುದು ದಾಖಲೆಯಲ್ಲಿ ಇರುವುದಿಲ್ಲ, ಅರ್ಜಿ ತಿರಸ್ಕಾರವಾಗುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮತ್ತೆ 30 ದಿನದೊಳಗೆ 20 ರೂಪಾಯಿ ಹಚ್ಚಿ ಮೊದಲ ಮೇಲ್ಮನವಿ. ಉತ್ತರದ ಅಂಕಿಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ಅಳತೆಯ ಪಕ್ಕ ಇಡಿ: ಒಂದರಿಂದ ಐದರ ತನಕ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆ ಹಾಳೆಯನ್ನು ಶಾಲೆಯ ವ್ಯವಸ್ಥಾಪನ ಸಮಿತಿಗೆ ಒಯ್ಯಿರಿ. ಅದರಲ್ಲಿ ಮುಕ್ಕಾಲು ಪಾಲು ಪಾಲಕರು ಇರಬೇಕೆಂಬುದು ಕಾನೂನು. ಮಾತಾಡಬೇಕಾದವರು ಅವರು, ನೀವು ಬೆನ್ನಿಗೆ ನಿಲ್ಲಬೇಕಾದವರು.

ಇಲ್ಲಿ ದಾನದ ಹಣ ಕೆಡಿಸುವ ಬಗೆ ಒಂದಿದೆ. ಖಾಲಿ ಹುದ್ದೆ ಕಂಡು ಮರುಗಿ ಸಂಘವೇ ತಿಂಗಳಿಗೆ 10,000 ಕೊಟ್ಟು ಒಬ್ಬ ಶಿಕ್ಷಕಿಯನ್ನು ಕಳಿಸುತ್ತದೆ. ವರ್ಷಕ್ಕೆ 1.2 ಲಕ್ಷ, ದಾನಿಗೂ ಫೋಟೋ, ಮಕ್ಕಳಿಗೂ ಪಾಠ. ಇಲಾಖೆಯ ಕಡತದಲ್ಲಿ ಆ ಶಾಲೆಯ ದೂರು ಅಲ್ಲಿಗೆ ನಿಂತುಹೋಗುತ್ತದೆ. ಮೂರು ವರ್ಷದ ಮೇಲೆ ದಾನಿ ಕೈ ಎತ್ತಿದಾಗ ಶಿಕ್ಷಕಿಯೂ ಇಲ್ಲ, ಹುದ್ದೆಯೂ ಇಲ್ಲ. ಕೊಡಲೇಬೇಕೆನಿಸಿದರೆ ಒಂದೇ ಶೈಕ್ಷಣಿಕ ವರ್ಷಕ್ಕೆ ಎಂದು ಪಾಲಿಕೆಗೆ ಲಿಖಿತವಾಗಿ ತಿಳಿಸಿ ಕೊಡಿ, ಹುದ್ದೆ ತುಂಬುವ ಅರ್ಜಿಯನ್ನು ಅದೇ ದಿನ ಹಾಕಿ.

ಮುಂಬಯಿಯ ಒಳ್ಳೆಯ ದಾನಗಳು ಸರ್ಕಾರದ ಜಾಗವನ್ನು ತುಂಬಲು ಹೋಗಲಿಲ್ಲ, ಅದನ್ನು ಸಾರ್ವಜನಿಕವಾಗಿಯೇ ಉಳಿಸುವ ಷರತ್ತು ಹಾಕಿದವು. ನೀರಿನ ಮೇಲೆ ಹಾದುಹೋಗುವ ಮಾಹಿಮ್ ಕಾಸ್‌ವೇ ರಸ್ತೆಗೆ 1840ರ ದಶಕದಲ್ಲಿ 1,57,000 ರೂಪಾಯಿ ಕೊಟ್ಟ ಲೇಡಿ ಅವಾಬಾಯಿ ಜಮ್ಶೆಟ್‌ಜಿ ಜೀಜೀಭಾಯಿ ಅವರ ಷರತ್ತು: ದಾಟುವವರಿಂದ ಸುಂಕ ಎತ್ತಬಾರದು. ಪರೇಲಿನ ಕೆಇಎಂ ಆಸ್ಪತ್ರೆಯ ಜೊತೆಗಿನ ಸೇಠ್ ಗೋರ್ಧನ್‌ದಾಸ್ ಸುಂದರ್‌ದಾಸ್ ವೈದ್ಯಕೀಯ ಕಾಲೇಜು 1926ರಲ್ಲಿ ಶುರುವಾದಾಗ ದಾನದ ಕಡೆಯವರ ಷರತ್ತು: ಕಲಿಸುವವರು ಅರ್ಹ ಭಾರತೀಯರೇ ಆಗಿರಬೇಕು. ಎರಡರಲ್ಲೂ ದಾನಿಗೆ ಕುರ್ಚಿ ಕೇಳಿದ ಮಾತಿಲ್ಲ. ನಿಮ್ಮ ದಾನಿಗೆ ಷರತ್ತು ಹಾಕುವ ಆಸೆಯಿದ್ದರೆ ಈ ಜಾತಿಯ ಷರತ್ತನ್ನು ಸೂಚಿಸಿ: ಅರ್ಧ ವೇತನ ಹುಡುಗಿಯರಿಗೆ, ಅಥವಾ ಹೋಟೆಲ್ ಕಾರ್ಮಿಕರ ಮಕ್ಕಳಿಗೆ. ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರ ಪರಂಪರೆ ನಮ್ಮದು, ಅವರಿಗೆ ಹಿಡಿಸದೆ ಇರಲಾರದು.

ಚುನಾವಣೆಗೆ ಅವರು ನಿಂತರೆ? ನೀತಿಸಂಹಿತೆ ಜಾರಿಯಾದ ದಿನದಿಂದ ಫಲಿತಾಂಶದ ತನಕ ವೇತನ ವಿತರಣೆಯ ಸಭೆ ಮಾಡಬೇಡಿ. ಹಣ ಮಕ್ಕಳ ಖಾತೆಗೆ ನೇರ ಹೋಗಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಫಾರ್ಮ್ 6, ತಿದ್ದಲು ಅಥವಾ ವಿಳಾಸ ಬದಲಿಸಲು ಫಾರ್ಮ್ 8 ತುಂಬಲು ಎಲ್ಲರಿಗೂ ನೆರವಾಗಿ. ಆದರೆ ಫಾರ್ಮ್‌ಗಳ ಗಂಟು ಕಟ್ಟಿ ಸಂಘದ ಪರವಾಗಿ ಒಯ್ಯಬೇಡಿ, ಹಾಗೆ ತಂದದ್ದನ್ನು ಸ್ವೀಕರಿಸುವುದಿಲ್ಲ. ಅಭ್ಯರ್ಥಿಗಳನ್ನು ಕರೆದು ಪ್ರಶ್ನೆ ಕೇಳುವ ಸಭೆ ಮಾಡುವುದಾದರೆ ಕಣದಲ್ಲಿರುವ ಎಲ್ಲರಿಗೂ ಒಂದೇ ದಿನ ಪತ್ರ, ಒಂದೇ ಪ್ರಶ್ನೆಪಟ್ಟಿ, ಒಂದೇ ಸಮಯ. ಮೊದಲ ಸಾಲಿನಲ್ಲಿ ನಿಮ್ಮ ದಾನಿ, ಉಳಿದವರು ಹಿಂದೆ ಎಂದಾಗಬಾರದು.

ಅಭ್ಯರ್ಥಿಗಳ ಆಸ್ತಿ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಇವತ್ತು ನಮ್ಮ ಕೈಗೆ ಸಿಗುವುದು ಒಂದು ಸ್ವಯಂಸೇವಾ ಗುಂಪಿನ ಹಟದಿಂದ. ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು ಮುಂದಾಗಿ ಕಟ್ಟಿದ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) 1999ರಲ್ಲಿ ಕೋರ್ಟಿಗೆ ಹೋಯಿತು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಪಕ್ಷಗಳಿಗೆ ಗುಟ್ಟಾಗಿ ದೇಣಿಗೆ ಹೋಗುತ್ತಿದ್ದ ಚುನಾವಣಾ ಬಾಂಡ್ 2024ರ ಫೆಬ್ರವರಿ 15ರಂದು ಬಿದ್ದುಹೋದದ್ದೂ ಅದೇ ಸಂಸ್ಥೆಯ ಮೊಕದ್ದಮೆಯಲ್ಲಿ. ಪಕ್ಷಕ್ಕೆ ಕೊಟ್ಟವರು ಯಾರೆಂದು ಮತದಾರನಿಗೆ ಗೊತ್ತಿರಬೇಕಾದರೆ, ಸಂಘಕ್ಕೆ ಕೊಟ್ಟವರು ಯಾರೆಂದು ಸದಸ್ಯನಿಗೂ ಗೊತ್ತಿರಬೇಡವೇ? 10,000 ರೂಪಾಯಿಗೆ ಮೇಲ್ಪಟ್ಟ ದೇಣಿಗೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಂಘದ ಬೋರ್ಡಿಗೆ ಹಚ್ಚಿ. ಕಾನೂನು ಕೇಳುವುದಿಲ್ಲ, ನೀವು ಮಾಡಿ.

‘ನೀವು ಯಾರ ಪರವಾಗಿ ಮಾತಾಡುತ್ತೀರಿ’ ಎಂದು ವಾರ್ಡ್ ಆಫೀಸಿನಲ್ಲಿ ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ನಗರಸೇವಕನಿಗೆ ಮತ ಬಿದ್ದಿದೆ, ನಿಮಗೆ ಏನು ಬಿದ್ದಿದೆ? 1870ರಲ್ಲಿ ಪುಣೆಯ ಸಾರ್ವಜನಿಕ ಸಭಾ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ಆ ಸಭೆ ಹುಟ್ಟಿದ್ದೇ ಪರ್ವತಿ ದೇವಸ್ಥಾನದ ಆಡಳಿತದ ಬಗ್ಗೆ ಜನರಿಗಿದ್ದ ಅಸಮಾಧಾನದಿಂದ, ಎಂದರೆ ಒಂದು ಧರ್ಮಸಂಸ್ಥೆಯ ಲೆಕ್ಕ ಕೇಳುವುದರಿಂದ. ಗಣೇಶ ವಾಸುದೇವ ಜೋಶಿ ಮತ್ತು ಸಂಗಡಿಗರು ಒಂದು ನಿಯಮ ಮಾಡಿದರು: ಸದಸ್ಯನಾಗಬೇಕಾದರೆ ಕನಿಷ್ಠ 50 ಜನ ಸಹಿ ಮಾಡಿದ ಮುಖ್ತ್ಯಾರನಾಮೆ (ತಮ್ಮ ಪರವಾಗಿ ಮಾತಾಡಲು ಕೊಟ್ಟ ಅಧಿಕಾರಪತ್ರ) ತರಬೇಕು. ಶುರುವಿನಲ್ಲಿ 95 ಸದಸ್ಯರು, ಅವರ ಹಿಂದೆ ಸುಮಾರು 6,000 ಜನರ ಸಹಿ. 1876-77ರ ಬರಗಾಲದಲ್ಲಿ ಹಳ್ಳಿಹಳ್ಳಿಯ ಸ್ಥಿತಿಯನ್ನು ಬರೆದು ಸರ್ಕಾರದ ಮುಂದಿಟ್ಟಾಗ ಆ ಕಾಗದಕ್ಕೆ ತೂಕ ಬಂದದ್ದು ಇದರಿಂದಲೂ ಹೌದು. ನಿಮ್ಮ ಅರ್ಜಿಯ ಜೊತೆ 140 ಸದಸ್ಯರ ಠರಾವು, ಶಾಲೆಯ ಪಾಲಕರ ಸಹಿಗಳು ಇರಲಿ. ಇಪ್ಪತ್ತು ಲಕ್ಷದ ಚೆಕ್ಕು ಆ ಸಹಿಗಳ ಕೆಲಸ ಮಾಡುವುದಿಲ್ಲ.

ಪುಣೆಯ ಓದುಗರಿಗೆ ಇನ್ನೊಂದು ಬಾಗಿಲಿದೆ: ಅಲ್ಲಿನ ಪಾಲಿಕೆ 2006-07ರಿಂದ ಬಜೆಟ್ಟಿಗೆ ನಾಗರಿಕರ ಸಲಹೆ ಕೇಳುತ್ತದೆ, ಫುಟ್‌ಪಾತ್, ದೀಪ, ಬೆಂಚಿನಂಥ ಸಣ್ಣ ಕೆಲಸಗಳು ಅದರಲ್ಲಿ ಸೇರುತ್ತವೆ. ಸಂಘದ ಹಣದಲ್ಲಿ ಬೆಂಚು ಹಾಕಿಸುವ ಮುನ್ನ ಆ ಫಾರ್ಮ್ ತುಂಬಿ. ಗೋವಾದಲ್ಲಿ ಮಹಾರಾಷ್ಟ್ರದ ಟ್ರಸ್ಟ್ ಕಾಯ್ದೆ ಇಲ್ಲ. ಸೊಸೈಟಿ ನೋಂದಣಿ, ತೆರಿಗೆಯಂಥ ಕೇಂದ್ರ ಕಾನೂನಿನ ಮಾತುಗಳು ಅಲ್ಲಿಗೂ ಅನ್ವಯ.

ದಾನಿ ಪತ್ರಕ್ಕೆ ಸಹಿ ಹಾಕದಿದ್ದರೆ ಎಂಬ ಭಯ ನಿಮ್ಮ ಪ್ರಶ್ನೆಯ ಕೆಳಗೆ ಕೂತಿದೆ. ಲೆಕ್ಕ ಮಾಡಿ. ಚಂದಾವನ್ನು 600ರಿಂದ 1,200ಕ್ಕೆ ಏರಿಸಿದರೆ 140 ಸದಸ್ಯರಿಂದ ಹೆಚ್ಚುವರಿ 84,000 ರೂಪಾಯಿ ಬರುತ್ತದೆ. ಶೇ. 7ರಲ್ಲಿ ವರ್ಷಕ್ಕೆ ಇಷ್ಟು ಬಡ್ಡಿ ಬರಬೇಕಾದರೆ 12 ಲಕ್ಷದ ಠೇವಣಿ ಬೇಕು. ಒಬ್ಬೊಬ್ಬರಿಗೆ ಬೀಳುವುದು ತಿಂಗಳಿಗೆ 50 ರೂಪಾಯಿ, ಮಾಟುಂಗದಲ್ಲಿ ಒಂದು ಫಿಲ್ಟರ್ ಕಾಫಿಯ ಆಸುಪಾಸು. ಚಂದಾ ಏರಿಸಲು ನಿಮ್ಮ ನಿಯಮಾವಳಿ ಎಷ್ಟು ದಿನದ ನೋಟಿಸ್ ಕೇಳುತ್ತದೆ ನೋಡಿಕೊಂಡು, ದಾನದ ಪತ್ರವನ್ನೂ ಚಂದಾದ ಪ್ರಸ್ತಾವವನ್ನೂ ಒಂದೇ ಸಭೆಯ ವಿಷಯಪಟ್ಟಿಗೆ ಹಾಕಿ; ಚಂದಾ ಮೊದಲು, ದಾನ ಆಮೇಲೆ.